ಮೆಕ್‌ಕ್ಯಾಫ್ರಿಯವರ ಕಾಲುಗಳ ಮೇಲೆ ಈ ವರ್ಷ ಎಷ್ಟು ಭಾರ ಹೊರಿಸಬಹುದು?

ಸನ್ನಿವೇಲ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 7ರಂದು ಸಿಯಾಟಲ್‌ನಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೊದ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್ 2025ರ ಋತುವಿನ ಮೊದಲ ಪಂದ್ಯ ಆಡಲಿದೆ. ತಂಡದ ಬಗ್ಗೆ ಎಲ್ಲಿ ಮಾತು ಶುರುವಾದರೂ ಅದು ನಮ್ಮ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹೊತ್ತು ಓಡುವ ಆಟಗಾರ, ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಲೀಗ್‌ನ ಹದಿನೇಳೂ ಪಂದ್ಯ ಆಡಬಲ್ಲರೇ ಎಂಬಲ್ಲಿಗೇ ಬಂದು ನಿಲ್ಲುತ್ತಿದೆ. ಇಲ್ಲಿ ಈ ಆಟವನ್ನು ಹತ್ತಾರು ವರ್ಷಗಳಿಂದ ನೋಡುತ್ತಿರುವವರು ಇದ್ದೀರಿ. ಆದ್ದರಿಂದ ನನ್ನ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ಮುಂದಿಡುತ್ತೇನೆ.

2023ರಲ್ಲಿ ಅವರು 1,459 ಗಜ ಓಡಿದರು, ಓಟ ಮತ್ತು ಪಾಸ್ ಸೇರಿ 21 ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸುವುದು) ಗಳಿಸಿದರು, ವರ್ಷದ ಶ್ರೇಷ್ಠ ಆಫೆನ್ಸಿವ್ (ದಾಳಿ ವಿಭಾಗದ) ಆಟಗಾರ ಪ್ರಶಸ್ತಿಯನ್ನೂ ಪಡೆದರು. ಲೀಗ್ ಪಂದ್ಯಗಳಲ್ಲಿ 272 ಸಲ ಚೆಂಡು ಹೊತ್ತು ಓಡಿದ್ದರು, 67 ಪಾಸ್ ಹಿಡಿದಿದ್ದರು. ಫೈನಲ್ ಆದ ಸೂಪರ್ ಬೌಲ್ ಸೇರಿದಂತೆ ಪ್ಲೇಆಫ್‌ನ, ಅಂದರೆ ನಾಕೌಟ್ ಹಂತದ, ಮೂರು ಪಂದ್ಯಗಳನ್ನೂ ಲೆಕ್ಕಕ್ಕೆ ಹಿಡಿದರೆ ಆ ಒಂದೇ ಋತುವಿನಲ್ಲಿ 417 ಸಲ ಚೆಂಡು ಅವರ ಕೈ ಸೇರಿತ್ತು. ಮರುವರ್ಷವೇ ಎರಡೂ ಕಾಲುಗಳ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಉರಿಯೂತಕ್ಕೆ ಗುರಿಯಾಯಿತು. ಚಿಕಿತ್ಸೆಗೆಂದು ಜರ್ಮನಿಗೂ ಹೋಗಿ ಬಂದರು. ಮೊದಲ ಎಂಟು ಪಂದ್ಯ ತಪ್ಪಿಸಿಕೊಂಡು ನವೆಂಬರ್ 10ರಂದು ಟ್ಯಾಂಪಾದಲ್ಲಿ ಮರಳಿದವರು, ಡಿಸೆಂಬರ್ 1ರಂದು ಬಫಲೋದ ಹಿಮದಲ್ಲಿ ಮೊಣಕಾಲಿನ ಹಿಂಬದಿಯ ಲಿಗಮೆಂಟ್‌ಗೆ ಪೆಟ್ಟು ಮಾಡಿಕೊಂಡು ಹೊರನಡೆದರು. ಇಡೀ ಋತುವಿನಲ್ಲಿ ಅವರಿಂದ ಬಂದದ್ದು 50 ಓಟ, 202 ಗಜ. ತಂಡ ಆರು ಗೆದ್ದು ಹನ್ನೊಂದು ಸೋತಿತು.

ಇದನ್ನು ದುರದೃಷ್ಟ ಎಂದು ಬಿಟ್ಟುಬಿಡಬೇಕೇ, ಅಥವಾ 417ರ ಫಲ ಎಂದು ತಿಳಿಯಬೇಕೇ? ಅವರಿಗೀಗ 29 ವರ್ಷ. ಕಳೆದ ವರ್ಷ ಅವರ ಜಾಗದಲ್ಲಿ 789 ಗಜ ಓಡಿ ಮಾನ ಉಳಿಸಿದ ಜೋರ್ಡನ್ ಮೇಸನ್‌ರನ್ನು ಮಾರ್ಚ್‌ನಲ್ಲಿ ಮಿನ್ನೆಸೋಟ ತಂಡಕ್ಕೆ ಕೊಟ್ಟಾಗಿದೆ. ಭಾರವನ್ನು ಹಂಚಿಕೊಳ್ಳಲು ಯಾರಿದ್ದಾರೆ ಎಂಬುದೇ ನನ್ನನ್ನು ಕಾಡುತ್ತಿರುವ ವಿಷಯ.

ಅಂಕಿಅಂಶ ಪ್ರಿಯ

ಸನ್ನಿವೇಲ್ ನಿವಾಸಿಯವರೇ, ಒಂದು ವರ್ಷ ವಿಪರೀತ ಓಡಿದ ರನ್ನಿಂಗ್ ಬ್ಯಾಕ್ ಮರುವರ್ಷ ಮುರಿದು ಬೀಳುತ್ತಾನೆ ಎಂಬ ನಂಬಿಕೆ ಹಳೆಯದು. 370 ಓಟ ದಾಟಿದವರಿಗೆ ಶಾಪ ತಟ್ಟುತ್ತದೆ ಎಂದೇ ಅಭಿಮಾನಿಗಳು ಹೇಳುತ್ತಾ ಬಂದಿದ್ದಾರೆ. ಉದಾಹರಣೆಗಳಿಗೂ ಕೊರತೆಯಿಲ್ಲ. ಅಟ್ಲಾಂಟಾದ ಜಮಾಲ್ ಆ್ಯಂಡರ್ಸನ್ 1998ರಲ್ಲಿ 410 ಸಲ ಓಡಿ, 1999ರ ಎರಡನೇ ಪಂದ್ಯದಲ್ಲೇ ಮೊಣಕಾಲು ಕಳೆದುಕೊಂಡರು. ಕ್ಯಾನ್ಸಸ್ ಸಿಟಿಯ ಲ್ಯಾರಿ ಜಾನ್ಸನ್ 2006ರಲ್ಲಿ 416 ಓಟಗಳ ದಾಖಲೆ ಮಾಡಿ, ಮರುವರ್ಷ ಎಂಟು ಪಂದ್ಯಗಳ ನಂತರ ಪಾದದ ಮೂಳೆ ಮುರಿದುಕೊಂಡು ಕುಳಿತರು. ಡೆರಿಕ್ ಹೆನ್ರಿ 2020ರಲ್ಲಿ 378 ಓಟಗಳಲ್ಲಿ 2,027 ಗಜ ಗಳಿಸಿದರು. 2021ರಲ್ಲಿ ಅವರಿಗೂ ಎಂಟನೇ ಪಂದ್ಯದಲ್ಲಿ ಪಾದದ ಮೂಳೆಯೇ ಮುರಿಯಿತು.

ಇಷ್ಟನ್ನೇ ಓದಿದರೆ ಶಾಪ ನಿಜವೆನಿಸುತ್ತದೆ. ಆದರೆ ಪ್ರತಿಯೊಂದು ಪ್ರಕರಣವನ್ನೂ ಬಿಡಿಸಿ ನೋಡಬೇಕು ಎಂಬುದು ನನ್ನ ಕಳಕಳಿ. ಡೆನ್ವರ್‌ನ ಟೆರೆಲ್ ಡೇವಿಸ್ 1998ರಲ್ಲಿ ಲೀಗ್ ಪಂದ್ಯಗಳಲ್ಲೇ 392 ಸಲ ಓಡಿ 2,008 ಗಜ ಗಳಿಸಿ, ಸೂಪರ್ ಬೌಲ್ ಕೂಡ ಗೆದ್ದರು. 1999ರ ನಾಲ್ಕನೇ ಪಂದ್ಯದಲ್ಲಿ ಅವರ ಬಲ ಮೊಣಕಾಲು ಹರಿದದ್ದು ಚೆಂಡು ಹೊತ್ತು ಓಡುವಾಗ ಅಲ್ಲ. ತಮ್ಮ ಕ್ವಾರ್ಟರ್‌ಬ್ಯಾಕ್ ಎಸೆದ ಪಾಸನ್ನು ಎದುರಾಳಿ ಕಸಿದುಕೊಂಡಾಗ, ಅವನನ್ನು ಹಿಡಿಯಲು ಓಡಿದ ಸಂದರ್ಭ ಅದು. ಅದಕ್ಕೆ ಹಿಂದಿನ ವರ್ಷದ 392 ಓಟಗಳನ್ನು ಹೊಣೆ ಮಾಡುವುದು ಹೇಗೆ? ಎರಿಕ್ ಡಿಕರ್ಸನ್ 1983ರಲ್ಲಿ 390 ಸಲ ಓಡಿ, ಮರುವರ್ಷ 379 ಸಲ ಓಡಿ 2,105 ಗಜಗಳ ದಾಖಲೆ ಬರೆದರು. ಅದು ಇಂದಿಗೂ ಉಳಿದಿದೆ. 1986ರಲ್ಲಿ ಅವರೇ 404 ಸಲ ಓಡಿದರು.

ಇನ್ನೊಂದು ಅಂಶವನ್ನು ನಾವು ಸದಾ ಮರೆಯುತ್ತೇವೆ. ಒಬ್ಬ ಆಟಗಾರ 400 ಸಲ ಚೆಂಡು ಹೊರಬೇಕಾದರೆ ಆ ವರ್ಷ ಅವನಿಗೆ ಗಾಯವೇ ಆಗಿರಬಾರದು. ಅಂದರೆ ನಾವು ಆರಿಸಿಕೊಳ್ಳುವುದೇ ಅತ್ಯಂತ ಅದೃಷ್ಟದ ವರ್ಷವನ್ನು. ಅದರ ಮುಂದಿನ ವರ್ಷ ಅವನು ಸಾಮಾನ್ಯ ರನ್ನಿಂಗ್ ಬ್ಯಾಕ್‌ನಂತೆ ಎರಡು ಮೂರು ಪಂದ್ಯ ತಪ್ಪಿಸಿಕೊಂಡರೂ ನಮಗೆ ಅದು ಕುಸಿತವಾಗಿ ಕಾಣುತ್ತದೆ. ಹೀಗಾಗಿ 417 ಎಂಬ ಸಂಖ್ಯೆಯನ್ನು ನೋಡಿ ಹೆದರುವುದಕ್ಕಿಂತ, ಗಾಯ ಯಾವ ಬಗೆಯದು ಎಂದು ಕೇಳುವುದು ಹೆಚ್ಚು ಸರಿ.

ಡಲ್ಲಾಸ್ ಫಿಜಿಯೊ

ಕೊನೆಯ ಸಾಲಿನಿಂದಲೇ ಮುಂದುವರಿಸುತ್ತೇನೆ. ನಾನು ವೃತ್ತಿಯಿಂದ ಫಿಜಿಯೊಥೆರಪಿಸ್ಟ್. ಓಟಗಾರರ ಕಾಲುಗಳನ್ನು ದಿನವೂ ನೋಡುವವಳು. ಮೆಕ್‌ಕ್ಯಾಫ್ರಿಯವರ ವೈದ್ಯಕೀಯ ವರದಿ ನನ್ನ ಮುಂದಿಲ್ಲ, ಆದ್ದರಿಂದ ಈ ಬಗೆಯ ಗಾಯಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ.

ಕಳೆದ ವರ್ಷದ ಅವರ ಎರಡು ಗಾಯಗಳು ಒಂದೇ ಜಾತಿಯವಲ್ಲ. ಬಫಲೋದಲ್ಲಿ ಆದದ್ದು ಕ್ಷಣಾರ್ಧದ ಪೆಟ್ಟು. ಮೊಣಕಾಲಿನ ಹಿಂಬದಿಯ ಲಿಗಮೆಂಟ್ ಭಾಗಶಃ ಹರಿದಾಗ ಬಹಳಷ್ಟು ಸಲ ಶಸ್ತ್ರಚಿಕಿತ್ಸೆ ಇಲ್ಲದೆಯೇ ಗುಣವಾಗುತ್ತದೆ. ಅವರಿಗೂ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಆ ಮೊಣಕಾಲಿನ ಬಗ್ಗೆ ನನಗೆ ಹೆಚ್ಚಿನ ಆತಂಕವಿಲ್ಲ.

ಅಕಿಲೀಸ್‌ನ ಕಥೆ ಬೇರೆ. ಫಾರ್ಟಿನೈನರ್ಸ್ ತಂಡ ಹೆಚ್ಚಾಗಿ ಆಡುವ ಔಟ್‌ಸೈಡ್ ಝೋನ್ ಓಟವನ್ನು ಒಮ್ಮೆ ನಿಧಾನಗತಿಯಲ್ಲಿ ನೋಡಿ. ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ಆಫೆನ್ಸಿವ್ ಲೈನ್ ಪೂರ್ತಿಯಾಗಿ ಒಂದು ಬದಿಗೆ ಸರಿಯುತ್ತದೆ. ಮೆಕ್‌ಕ್ಯಾಫ್ರಿ ಚೆಂಡು ಪಡೆದು ಅದರ ಹಿಂದೆಯೇ ಅಡ್ಡಲಾಗಿ ಓಡುತ್ತಾರೆ, ಸಂದು ಕಂಡ ತಕ್ಷಣ ಹೊರಗಾಲನ್ನು ನೆಲಕ್ಕೆ ಊರಿ, ಹಿಮ್ಮಡಿ ನೆಲ ಮುಟ್ಟುವ ಮೊದಲೇ ಮುಂಗಾಲಿನ ಮೇಲೆ ತಿರುಗಿ ನೇರವಾಗಿ ಮುಂದಕ್ಕೆ ಚಿಮ್ಮುತ್ತಾರೆ. ಆ ಒಂದು ಹೆಜ್ಜೆಯಲ್ಲಿ ದೇಹದ ತೂಕದ ಹಲವು ಪಟ್ಟು ಬಲ ಮೀನಖಂಡ ಮತ್ತು ಹಿಮ್ಮಡಿಯ ನಡುವಿನ ಆ ರಜ್ಜುವಿನ ಮೇಲೆ ಬೀಳುತ್ತದೆ. ಸ್ನಾಯು ಕೆಲವು ದಿನಗಳಲ್ಲಿ ಚೇತರಿಸಿಕೊಂಡರೂ ರಜ್ಜು ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ, ಏಕೆಂದರೆ ಅದಕ್ಕೆ ರಕ್ತಪೂರೈಕೆ ಕಡಿಮೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗಳನ್ನು ಇಡುವಾಗ ಹಿಮ್ಮಡಿಯ ಮೇಲ್ಭಾಗ ಬಿಗಿದಿರುವುದು, ಸ್ವಲ್ಪ ನಡೆದಾಡಿದ ಮೇಲೆ ಸಡಿಲವಾಗುವುದು, ಇದು ನನ್ನ ಬಳಿ ಬರುವವರೆಲ್ಲ ಹೇಳುವ ಲಕ್ಷಣ. ಸಡಿಲವಾಯಿತೆಂದು ಓಡುತ್ತಾರೆ, ಮರುದಿನ ಬಿಗಿತ ಇನ್ನಷ್ಟು ಹೆಚ್ಚುತ್ತದೆ.

ಹಾಗಾಗಿ ಅಂಕಿಅಂಶ ಪ್ರಿಯರ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಟೆರೆಲ್ ಡೇವಿಸ್ ಅವರದು ಅಪಘಾತ. ಆದರೆ ಎರಡೂ ಕಾಲುಗಳ ರಜ್ಜು ಒಟ್ಟಿಗೆ ಉರಿಯೂತಕ್ಕೆ ಒಳಗಾದಾಗ ಅದನ್ನು ಅಪಘಾತವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಲ್ಲಿ ಭಾರದ ಪಾಲು ಇದ್ದೇ ಇರುತ್ತದೆ. ಇದಕ್ಕೆ ಪೂರ್ಣ ವಿಶ್ರಾಂತಿ ಮದ್ದಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ತಿಂಗಳುಗಟ್ಟಲೆ ಕೂರಿಸಿ ಒಮ್ಮೆಲೇ ಮೈದಾನಕ್ಕೆ ಇಳಿಸಿದರೆ ರಜ್ಜು ಇನ್ನಷ್ಟು ದುರ್ಬಲವಾಗಿರುತ್ತದೆ. ತೂಕ ಹೊತ್ತು ನಿಧಾನವಾಗಿ ಹಿಮ್ಮಡಿ ಎತ್ತಿಳಿಸುವ ವ್ಯಾಯಾಮದಿಂದ ಶುರುಮಾಡಿ, ವಾರ ವಾರಕ್ಕೂ ಭಾರವನ್ನು ಸ್ವಲ್ಪವೇ ಏರಿಸುತ್ತಾ ಹೋಗಬೇಕು. ಕಳೆದ ವರ್ಷ ಆಗಸ್ಟ್‌ನಲ್ಲಿ ಅವರಿಗೆ ಅಭ್ಯಾಸ ಬಹುತೇಕ ಸಿಗಲಿಲ್ಲ. ಈ ವರ್ಷ ಶಿಬಿರದಲ್ಲಿ ಅಭ್ಯಾಸ ಮಾಡಿದ್ದಾರೆ ಎಂಬುದೇ ನನಗೆ ಅತ್ಯಂತ ಸಮಾಧಾನದ ಸುದ್ದಿ. ಋತುಪೂರ್ವ ಪಂದ್ಯಗಳಲ್ಲಿ ಅವರನ್ನು ಆಡಿಸಲೇಬೇಕೆಂದು ನಾನು ಹೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬಾಲ್ಟಿಮೋರ್‌ನ ಜೆ.ಕೆ. ಡಾಬಿನ್ಸ್ ಲೆಕ್ಕಕ್ಕೇ ಇಲ್ಲದ ಕೊನೆಯ ಋತುಪೂರ್ವ ಪಂದ್ಯದಲ್ಲಿ ಮೊಣಕಾಲು ಹರಿದುಕೊಂಡು ಇಡೀ ವರ್ಷ ಕಳೆದುಕೊಂಡದ್ದನ್ನು ನೋಡಿದ್ದೇವೆ.

ಫಿಲಡೆಲ್ಫಿಯಾದಿಂದ

ನಾನು ಈಗಲ್ಸ್ ಅಭಿಮಾನಿ. ಆದರೂ ಈ ಚರ್ಚೆ ನಮಗೂ ಅಷ್ಟೇ ಸಂಬಂಧಿಸಿದ್ದು. ನಮ್ಮ ರನ್ನಿಂಗ್ ಬ್ಯಾಕ್ ಸಕ್ವಾನ್ ಬಾರ್ಕ್‌ಲಿ ಕಳೆದ ಋತುವಿನಲ್ಲಿ 345 ಓಟಗಳಲ್ಲಿ 2,005 ಗಜ ಗಳಿಸಿದರು, 33 ಪಾಸ್ ಹಿಡಿದರು. ಪ್ಲೇಆಫ್‌ನಲ್ಲಿ ಮತ್ತೆ 91 ಓಟ, 13 ಪಾಸ್. ಒಟ್ಟು 482. ನಿಮ್ಮ 417 ನಿಮಗೆ ನಿದ್ದೆಗೆಡಿಸಿದ್ದರೆ ನಮ್ಮ ಗತಿ ಏನಾಗಬೇಕು ಎಂದು ಯೋಚಿಸಿ.

ನನಗೆ ಧೈರ್ಯ ಕೊಡುವುದು ಕೊನೆಯ ಲೀಗ್ ಪಂದ್ಯದಲ್ಲಿ ನಮ್ಮ ತಂಡ ತೆಗೆದುಕೊಂಡ ನಿರ್ಧಾರ. ಡಿಕರ್ಸನ್ ಅವರ 2,105 ಗಜಗಳನ್ನು ಮೀರಲು ಬಾರ್ಕ್‌ಲಿಗೆ ಬೇಕಾಗಿದ್ದದ್ದು 101 ಗಜ. ಎದುರಾಳಿ ಅವರ ಹಳೆಯ ತಂಡವಾದ ಜೈಂಟ್ಸ್, ಪಂದ್ಯ ಫಿಲಡೆಲ್ಫಿಯಾದಲ್ಲೇ. ಪ್ಲೇಆಫ್‌ನಲ್ಲಿ ತಂಡದ ಸ್ಥಾನ ಆಗಲೇ ಖಚಿತವಾಗಿದ್ದರಿಂದ ತರಬೇತುದಾರ ನಿಕ್ ಸಿರಿಯಾನಿ ಅವರನ್ನು ಆಡಿಸಲಿಲ್ಲ. ನಲವತ್ತು ವರ್ಷಗಳ ದಾಖಲೆಯನ್ನು ಕೈಬಿಟ್ಟು ಆ ಕಾಲುಗಳನ್ನು ಕಾಪಾಡಿಕೊಂಡಿತು ತಂಡ. ಮುಂದಿನ ತಿಂಗಳು ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಯಾನ್ಸಸ್ ಸಿಟಿಯನ್ನು 40-22ರಿಂದ ಸೋಲಿಸಿದೆವು. ಅಂದು ಸ್ಟೇಡಿಯಂನಲ್ಲಿ ಟಿಕೆಟ್ ಹಿಡಿದು ಕುಳಿತವರಿಗೆ ನಿರಾಶೆಯಾಗಿರಬಹುದು, ನನಗಂತೂ ಅದು ವರ್ಷದ ಅತ್ಯುತ್ತಮ ನಿರ್ಧಾರವಾಗಿತ್ತು.

ಜಸ್‌ಪ್ರೀತ್ ಬುಮ್ರಾ ಅವರ ವಿಷಯದಲ್ಲಿ ನಾವೆಲ್ಲ ಈ ಬೇಸಿಗೆಯಲ್ಲಿ ಇದೇ ಚರ್ಚೆ ಮಾಡಿದೆವಲ್ಲವೇ? ಆಸ್ಟ್ರೇಲಿಯಾದಲ್ಲಿ 32 ವಿಕೆಟ್ ಪಡೆದು ಸಿಡ್ನಿಯಲ್ಲಿ ಬೆನ್ನು ನೋವಿಗೆ ಸಿಲುಕಿದ ಮೇಲೆ, ಇಂಗ್ಲೆಂಡ್‌ನಲ್ಲಿ ಐದು ಟೆಸ್ಟ್‌ಗಳಲ್ಲಿ ಮೂರನ್ನಷ್ಟೇ ಆಡಿಸುವುದೆಂದು ಮೊದಲೇ ತೀರ್ಮಾನಿಸಲಾಗಿತ್ತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಕಷ್ಟ, ಏಕೆಂದರೆ ಹದಿನೇಳು ಪಂದ್ಯಗಳ ಋತುವಿನಲ್ಲಿ ಒಂದು ಸೋಲು ಕೂಡ ಪ್ಲೇಆಫ್ ಬಾಗಿಲು ಮುಚ್ಚಬಲ್ಲದು. ಪಂದ್ಯವನ್ನೇ ಬಿಡಿಸಲು ಆಗದಿದ್ದರೆ, ಪಂದ್ಯದೊಳಗೆ ಓಟಗಳನ್ನು ಕಡಿಮೆ ಮಾಡುವುದೊಂದೇ ದಾರಿ.

ಸನ್ನಿವೇಲ್ ನಿವಾಸಿ

ಮೂವರಿಗೂ ಧನ್ಯವಾದಗಳು. ಪಂದ್ಯದೊಳಗೆ ಕಡಿಮೆ ಮಾಡಬೇಕೆಂಬುದು ನನಗೂ ಸರಿಯೆನಿಸುತ್ತದೆ, ಆದರೆ ಈ ವರ್ಷ ನಮ್ಮ ತಂಡದ ಸ್ಥಿತಿ ಅದಕ್ಕೆ ವಿರುದ್ಧವಾಗಿದೆ. ಡೀಬೊ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ ಹೋದರು. ಬ್ರ್ಯಾಂಡನ್ ಐಯುಕ್ ಕಳೆದ ಅಕ್ಟೋಬರ್‌ನ ಮೊಣಕಾಲಿನ ಗಾಯದಿಂದಾಗಿ ಕನಿಷ್ಠ ಮೊದಲ ನಾಲ್ಕು ಪಂದ್ಯಗಳಿಗೆ ಲಭ್ಯರಿಲ್ಲ. ಹೀಗೆ ಪಾಸ್ ಹಿಡಿಯುವವರು ಕಡಿಮೆಯಾದಾಗ ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಯಾರ ಕಡೆಗೆ ನೋಡುತ್ತಾರೆ? ಮೆಕ್‌ಕ್ಯಾಫ್ರಿಯವರ ಕಡೆಗೇ. 2019ರಲ್ಲಿ ಕ್ಯಾರೊಲೈನಾದಲ್ಲಿ ಅವರು 116 ಪಾಸ್ ಹಿಡಿದು, ಓಟದಲ್ಲಿಯೂ ಪಾಸ್‌ನಲ್ಲಿಯೂ ತಲಾ ಸಾವಿರ ಗಜ ದಾಟಿದ ಮೂರನೇ ಆಟಗಾರರಾದರು. ಮುಂದಿನ ಎರಡು ವರ್ಷಗಳಲ್ಲಿ ಆಡಿದ್ದು ಕೇವಲ ಮೂರು ಮತ್ತು ಏಳು ಪಂದ್ಯ. ಅದೇ ಮರುಕಳಿಸುವುದೇ ಎಂಬುದು ನನ್ನ ಭಯ.

ಸಮಾಧಾನದ ವಿಷಯವೆಂದರೆ ತಂಡ ಕೊನೆಗೂ ಎಚ್ಚೆತ್ತು ವಾಷಿಂಗ್ಟನ್‌ನಿಂದ ರನ್ನಿಂಗ್ ಬ್ಯಾಕ್ ಬ್ರಯನ್ ರಾಬಿನ್ಸನ್ ಅವರನ್ನು ಕರೆತಂದಿದೆ. ನಮ್ಮ ಉಳಿದ ರನ್ನಿಂಗ್ ಬ್ಯಾಕ್‌ಗಳಲ್ಲಿ ಐಸಾಕ್ ಗೆರೆಂಡೊ ಶಿಬಿರದಲ್ಲಿ ಗಾಯಗೊಂಡು, ಹೊಸಬರಾದ ಜೋರ್ಡನ್ ಜೇಮ್ಸ್ ಬೆರಳು ಮುರಿದುಕೊಂಡ ಮೇಲೆ ಬೇರೆ ದಾರಿ ಇರಲಿಲ್ಲ. ರಾಬಿನ್ಸನ್ 2022ರ ಆಗಸ್ಟ್‌ನಲ್ಲಿ ದರೋಡೆಕೋರರ ಗುಂಡೇಟು ತಿಂದು ಸುಮಾರು ಆರು ವಾರಗಳಲ್ಲಿ ಮೈದಾನಕ್ಕೆ ಮರಳಿದ ಮನುಷ್ಯ. ಅಂಥವರಿಗೆ ಪ್ರತಿ ಪಂದ್ಯದಲ್ಲಿ ಹತ್ತು ಓಟ ಕೊಟ್ಟರೆ ತಪ್ಪೇನು?

ಅಂಕಿಅಂಶ ಪ್ರಿಯ

ತಪ್ಪಿಲ್ಲ, ಆದರೆ ಯಾವ ಹತ್ತು ಎಂಬುದು ಮುಖ್ಯ. ಮೆಕ್‌ಕ್ಯಾಫ್ರಿ ಮೈದಾನದಲ್ಲಿದ್ದಾಗ ಎದುರಾಳಿ ರಕ್ಷಣಾ ವಿಭಾಗದ ಲೈನ್‌ಬ್ಯಾಕರ್‌ಗಳಿಗೆ ಓಟವೋ ಪಾಸೋ ಎಂದು ಕೊನೆಯವರೆಗೂ ತಿಳಿಯುವುದಿಲ್ಲ. ಅವರನ್ನು ಹೊರಗೆ ಕರೆದು ರಾಬಿನ್ಸನ್ ಅವರನ್ನು ಕಳಿಸಿದೊಡನೆ ಓಟ ಬರುತ್ತಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ತರಬೇತುದಾರ ಕೈಲ್ ಶಾನಹನ್ ಅವರು ಒಬ್ಬರನ್ನೇ ನೆಚ್ಚಿಕೊಳ್ಳುವುದಕ್ಕೆ ಇದೇ ಕಾರಣವೆಂದು ನಾನು ಭಾವಿಸಿದ್ದೇನೆ. ಆದ್ದರಿಂದ ಓಟವೆಂದು ಎದುರಾಳಿಗೆ ಹೇಗೂ ತಿಳಿದಿರುವ ಕಡೆ ರಾಬಿನ್ಸನ್ ಅವರನ್ನು ಬಳಸಲಿ. ಒಂದೆರಡು ಗಜ ಸಾಕಾಗಿರುವಾಗ, ಗೋಲ್ ಗೆರೆಯ ಬಳಿ, ಮತ್ತು ಮುನ್ನಡೆಯಲ್ಲಿದ್ದು ಉಳಿದ ಸಮಯವನ್ನು ಕಳೆಯಬೇಕಾದ ಕೊನೆಯ ಕ್ವಾರ್ಟರ್‌ನಲ್ಲಿ. ದೇಹಕ್ಕೆ ಅತಿ ಹೆಚ್ಚು ಪೆಟ್ಟು ಬೀಳುವುದೂ ಈ ಓಟಗಳಲ್ಲೇ.

ಡಲ್ಲಾಸ್ ಫಿಜಿಯೊ

ಇದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಇನ್ನೊಂದು ವಿಷಯ ಸೇರಿಸುತ್ತೇನೆ. ವೇಳಾಪಟ್ಟಿ ನೋಡಿ: ಸೆಪ್ಟೆಂಬರ್ 28ರ ಭಾನುವಾರ ಜಾಕ್ಸನ್‌ವಿಲ್ ವಿರುದ್ಧ ಪಂದ್ಯ, ಅಕ್ಟೋಬರ್ 2ರ ಗುರುವಾರವೇ ರ್‍ಯಾಮ್ಸ್ ವಿರುದ್ಧ ಮತ್ತೊಂದು. ಸ್ನಾಯುರಜ್ಜುವಿಗೆ ನಾಲ್ಕು ದಿನ ಏನೇನೂ ಸಾಲದು. ನನ್ನ ಕೈಯಲ್ಲಿದ್ದರೆ ಜಾಕ್ಸನ್‌ವಿಲ್ ಪಂದ್ಯದಲ್ಲಿ ಅಂಕ ಏನೇ ಇರಲಿ ಓಟಗಳಲ್ಲಿ ಅರ್ಧವನ್ನು ರಾಬಿನ್ಸನ್ ಅವರಿಗೆ ಕೊಡುತ್ತಿದ್ದೆ, ನಡುವಿನ ಮೂರು ದಿನ ಮೆಕ್‌ಕ್ಯಾಫ್ರಿಯವರನ್ನು ಮೈದಾನದ ಅಭ್ಯಾಸಕ್ಕೆ ಇಳಿಸದೆ ಜಿಮ್‌ನ ಹಗುರ ವ್ಯಾಯಾಮವನ್ನಷ್ಟೇ ಮಾಡಿಸುತ್ತಿದ್ದೆ. ಮೊದಲ ಮೂರು ಪಂದ್ಯಗಳಿಗಿಂತ ಆ ವಾರದ ಗಾಯಾಳುಗಳ ಪಟ್ಟಿಯನ್ನೇ ನಾನು ಕಾತರದಿಂದ ಕಾಯುತ್ತಿದ್ದೇನೆ.