ಓದುಗರ ಸ್ಪಂದನ: ಮಗಳಿಗೆ ಇವತ್ತೇ ಹೇಳಿ

ಓದುಗಿಯೊಬ್ಬರ ಸಮಸ್ಯೆ: ನಾವು ಧಾರವಾಡದವರು. ಯಜಮಾನರಿಗೆ ದೆಹಲಿಗೆ ವರ್ಗವಾಗಿದೆ. ಮೇ ಮೊದಲ ವಾರ ಮನೆ ಖಾಲಿ ಮಾಡಬೇಕು. ಮಗಳು ಐದನೇ ತರಗತಿ. ಒಂದನೇ ತರಗತಿಯಿಂದಲೂ ಅದೇ ಮೂವರು ಗೆಳತಿಯರು. ಈಗಲೇ ಹೇಳಿದರೆ ದಿನಾ ಅಳುತ್ತಾಳೆ, ಹೊರಡುವ ಹಿಂದಿನ ದಿನ ಹೇಳಿದರೆ ಸಾಕು ಎನ್ನುತ್ತಾರೆ ಮನೆಯ ಹಿರಿಯರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

*

ಅಕ್ಕಾ, ದಯವಿಟ್ಟು ಮಗಳಿಗೆ ಇವತ್ತೇ ಹೇಳಿ. ನಿಮ್ಮ ಮಗಳ ಜಾಗದಲ್ಲಿ ನಾನು ಇದ್ದವಳು. ನಾನೂ ಆಗ ಐದನೇ ತರಗತಿ, ಹುಬ್ಬಳ್ಳಿಯಲ್ಲಿ. ರಜೆಗೆ ದೆಹಲಿ ನೋಡಿ ಬರೋಣ ಎಂದು ರೈಲು ಹತ್ತಿಸಿದರು. ಎಂಟು ದಿನ ಕಳೆದ ಮೇಲೆ ಲಾರಿಯಿಂದ ನಮ್ಮ ಮನೆಯ ಕಬ್ಬಿಣದ ಬೀರು ಇಳಿಯಿತು. ಆಗ ಗೊತ್ತಾಯಿತು ನನಗೆ.

ಗೆಳತಿಯ ಕಥೆಪುಸ್ತಕ ನನ್ನ ಚೀಲದಲ್ಲೇ ಉಳಿದಿತ್ತು. ಕಳಿಸೋಣ ಎಂದರೆ ವಿಳಾಸ ಗೊತ್ತಿರಲಿಲ್ಲ. ಓಣಿ ಗೊತ್ತಿತ್ತು, ಮನೆ ಮುಂದಿನ ಬೇವಿನ ಮರ ಗೊತ್ತಿತ್ತು. ಅಷ್ಟಕ್ಕೆ ಅಂಚೆ ತಲುಪುತ್ತದೆಯೇ? ಪುಸ್ತಕ ಎತ್ತಿಕೊಂಡು ಹೋದಳು ಅಂದುಕೊಂಡಳೋ ಏನೋ ಎಂದು ಎಷ್ಟು ವರ್ಷ ಕೊರಗಿದ್ದೇನೆ. ಅಪ್ಪ ಅಮ್ಮನ ಮೇಲೆ ಸಿಟ್ಟಿಲ್ಲ. ನಾನು ಅಳಬಾರದು ಅಂತಲೇ ಅವರು ಹಾಗೆ ಮಾಡಿದ್ದು. ಆದರೆ ಅಳು ತಪ್ಪಲಿಲ್ಲ. ಗೆಳತಿಯ ಪಕ್ಕ ಕೂತು ಅಳಬೇಕಾದದ್ದನ್ನು ಗುರುತಿಲ್ಲದ ಮನೆಯ ತಾರಸಿಯಲ್ಲಿ ಒಬ್ಬಳೇ ಅತ್ತೆ.

ಇನ್ನೊಂದು ವಿಷಯ. ಇಲ್ಲಿನ ಶಾಲೆಗಳಲ್ಲಿ ಹೊಸ ತರಗತಿ ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ಆಮೇಲೆ ಸುಮಾರು ಮೇ ಮಧ್ಯದಿಂದ ಜೂನ್ ಕೊನೆವರೆಗೆ ಬೇಸಿಗೆ ರಜೆ. ಧಾರವಾಡದಲ್ಲಿ ಮಳೆ ಹಿಡಿದು, ಗೆಳತಿಯರು ಕೊಡೆ ಬಿಚ್ಚಿಕೊಂಡು ಆರನೇ ತರಗತಿಗೆ ಹೋಗುವ ಹೊತ್ತಿಗೆ, ಇವಳು ಸುಡುಬಿಸಿಲಿಗೆ ಬಾಗಿಲು ಹಾಕಿಕೊಂಡು ಕೂಲರ್ ಮುಂದೆ ಕೂತಿರುತ್ತಾಳೆ. ಹೊಸ ಗೆಳತಿ ಒಬ್ಬಳೂ ಆಗಿರುವುದಿಲ್ಲ. ಆ ಆರೇಳು ವಾರ ಹಳೆಯ ಗೆಳತಿಯರೇ ಬೇಕು. ಅವರ ಅಮ್ಮಂದಿರ ನಂಬರ್, ಪಿನ್‌ಕೋಡ್ ಸಮೇತ ವಿಳಾಸ ಈಗಲೇ ಬರೆದಿಟ್ಟುಕೊಳ್ಳಿ. ಹತ್ತು ವರ್ಷದ ಮಕ್ಕಳ ಹತ್ತಿರ ಸ್ವಂತ ಫೋನ್ ಇರಲ್ಲ ಅಲ್ವಾ, ಅವರ ಗೆಳೆತನ ಅಮ್ಮಂದಿರ ಕೈಯಲ್ಲೇ ಇರುತ್ತದೆ.

ಬಂದ ಮೇಲೆ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಲೋದಿ ಎಸ್ಟೇಟ್‌ನಲ್ಲಿ ಕನ್ನಡ ಶಾಲೆಯೂ ಇದೆ. ಹತ್ತಿರವಾದರೆ ವಿಚಾರಿಸಿ.

– ಓದುಗಿ, ದೆಹಲಿ

*

ಮೇ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಪ್ರಿಲ್ 10 ನೆನಪಿಡಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಅಲ್ಲಿಗೆ ಶಾಲೆ ಮುಗಿಯುತ್ತದೆ. ಫಲಿತಾಂಶ ಕೇಳಿದ ಮರುದಿನವೇ ಮಕ್ಕಳು ಅಜ್ಜಿ ಊರಿನ ಬಸ್ಸು ಹತ್ತುತ್ತಾರೆ. ನೀವು ಹೊರಡುವ ಹಿಂದಿನ ದಿನ ಹೇಳೋಣ ಎಂದರೆ, ಕೇಳಲು ಓಣಿಯಲ್ಲಿ ಯಾರೂ ಇರುವುದಿಲ್ಲ.

ಜೂನ್‌ನಲ್ಲಿ ಹಾಜರಿ ಕೂಗುವಾಗ ಮಕ್ಕಳು ಹೇಳುತ್ತಿದ್ದರು: “ಆಕಿ ಬರಂಗಿಲ್ರೀ ಟೀಚರ್, ಟಿಸಿ ಒಯ್ದಾಳಂತ.” ಆ ‘ಅಂತ’ ನನಗೆ ಚುಚ್ಚುತ್ತಿತ್ತು. ಜೀವದ ಗೆಳತಿಯ ಸುದ್ದಿ ಮಗುವಿಗೆ ಇನ್ಯಾರಿಂದಲೋ ತಿಳಿಯಬೇಕೇ?

ಟಿಸಿಗೆ ಅರ್ಜಿ ಕೊಡುವಾಗಲೇ ಕ್ಲಾಸ್ ಟೀಚರ್ ಹತ್ತಿರ ಕೊನೆಯ ದಿನ ಹತ್ತು ನಿಮಿಷ ಕೇಳಿಕೊಳ್ಳಿ. ಭಾಷಣ ಬೇಡ. ಒಂದು ನೋಟ್‌ಬುಕ್ ಕೈಯಿಂದ ಕೈಗೆ ಹೋಗಲಿ. ಒಬ್ಬೊಬ್ಬರೂ ಹೆಸರು, ಹುಟ್ಟಿದ ದಿನ, ಮನಸ್ಸಿಗೆ ಬಂದ ಒಂದು ಮಾತು ಬರೆಯಲಿ.

– ನಿವೃತ್ತ ಶಿಕ್ಷಕಿ, ಗದಗ

*

ಹೇಳಿ, ಆದರೆ ದೊಡ್ಡ ಪಾರ್ಟಿ ಬೇಡ. ಮೈಸೂರು ಬಿಡುವಾಗ ನಾವು ಮಗನಿಗಾಗಿ ನಲವತ್ತು ಜನರನ್ನು ಕರೆದಿದ್ದೆವು. ಕೇಕ್, ಫೋಟೊ, ಗಲಾಟೆ. ಅವನ ಆಪ್ತ ಗೆಳೆಯ ಒಂದು ಮೂಲೆಯಲ್ಲಿ ಸುಮ್ನೆ ಕೂತಿದ್ದ. ಮರುದಿನ ಬೆಳಿಗ್ಗೆ ಆ ಹುಡುಗ ಸೈಕಲ್ ತುಳಿದುಕೊಂಡು ಬಂದ. ರಟ್ಟಿನ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಇಬ್ಬರೂ ಮಧ್ಯಾಹ್ನದವರೆಗೆ ಚೌಕಾಬಾರ ಆಡಿದರು. ಮಗ ಈಗಲೂ ಹೇಳುವುದು ಅದನ್ನೇ, ಪಾರ್ಟಿಯನ್ನಲ್ಲ. ಆ ಮೂವರನ್ನಷ್ಟೇ ಕರೆಯಿರಿ. ಒಂದು ರಾತ್ರಿ ನಿಮ್ಮ ಮನೆಯಲ್ಲೇ ಮಲಗಲಿ.

– ಓದುಗ, ಪುಣೆ

*

ಉಳಿದುಕೊಳ್ಳುವ ಮಕ್ಕಳ ಕಡೆಯಿಂದ ನಾನು ಬರೆಯುತ್ತಿದ್ದೇನೆ. ನನ್ನ ಮಗಳ ಗೆಳತಿಯ ತಂದೆ ಸೇನೆಯಲ್ಲಿದ್ದಾರೆ. ಅವರಿಗೆ ಗುವಾಹಟಿಗೆ ವರ್ಗವಾಯಿತು. ಹೋಗುವವಳಿಗೆ ರೈಲು, ಹೊಸ ಊರು, ಹೊಸ ಮನೆ ಇರುತ್ತದೆ. ಉಳಿದವಳಿಗೆ ಅದೇ ಬೆಂಚು, ಪಕ್ಕದ ಜಾಗ ಮಾತ್ರ ಖಾಲಿ.

ಅವರು ಎರಡು ತಿಂಗಳು ಮೊದಲೇ ಹೇಳಿದರು. ಇದಕ್ಕೆ ನಾನು ಅವರಿಗೆ ಋಣಿ. ಮಕ್ಕಳು ಒಂದು ವಾರ ಜಾಸ್ತಿ ಅತ್ತರು, ನಿಜ. ಆಮೇಲೆ ಅವರೇ ಮಾತಾಡಿಕೊಂಡರು. ಸಂಕ್ರಾಂತಿಗೆ ಇವಳು ಕುಸುರೆಳ್ಳು ಕಳಿಸಬೇಕು, ದಸರೆಗೆ ಅವಳು ಬನ್ನಿ ಕಳಿಸಬೇಕು. ಅಂಚೆಯಲ್ಲೇ ಬರಬೇಕು, ಫೋನಿನಲ್ಲಿ ಚಿತ್ರ ಕಳಿಸಿದರೆ ಲೆಕ್ಕಕ್ಕಿಲ್ಲ.

ಹೊರಡುವ ದಿನ ಬುತ್ತಿ ಕಟ್ಟಿಕೊಟ್ಟೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಅವಳ ಅಮ್ಮನಿಗೆ ಉಡಿ ತುಂಬುವಾಗ ನನ್ನ ಮಗಳು “ಆಕಿಗೂ ತುಂಬವ್ವಾ” ಎಂದಳು. ಫ್ರಾಕಿನ ಅಂಚು ಹಿಡಿದು ನಿಂತಳು ಹುಡುಗಿ. ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಎರಡು ಬಾಳೆಹಣ್ಣು ಹಾಕಿದೆ. “ಹೋಗಿ ಬರ್ತೀನಿ” ಎಂದು ತಾನಾಗಿಯೇ ಹೇಳಿದಳು.

ಹೋದ ದಸರೆಗೆ ಗುವಾಹಟಿಯಿಂದ ಕವರ್ ಬಂತು. ಅಲ್ಲಿ ಅವಳಿಗೆ ಬನ್ನಿ ಸಿಕ್ಕಿರಲಿಲ್ಲ. ಬೇರೆ ಯಾವುದೋ ಎಲೆ ಒಣಗಿಸಿ, ಮೇಲೆ ಪೆನ್ನಿನಿಂದ ‘ಬಂಗಾರ’ ಎಂದು ಬರೆದು ಕಳಿಸಿದ್ದಳು. ನನ್ನ ಮಗಳು ಅದನ್ನು ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ.

– ಓದುಗಿ, ಬೆಳಗಾವಿ