ಸಹಾಯ ಬೇಕು: ನೀರು ಕುಡಿದರೆ ಕೆಮ್ಮುವ ಮಗು, ಎಲ್ಲಿ ತೋರಿಸಬೇಕು?

ಎಲ್ಲರಿಗೂ ನಮಸ್ಕಾರ. ನಾವು ಜಮಖಂಡಿಯವರು. ಮಗಳಿಗೆ 14 ತಿಂಗಳು, ಡೌನ್ ಸಿಂಡ್ರೋಮ್ ಇದೆ. ಗಟ್ಟಿ ರಾಗಿ ಗಂಜಿಯನ್ನು ಹೇಗೋ ನುಂಗುತ್ತಾಳೆ. ನೀರು, ಹಾಲು ಕೊಟ್ಟರೆ ಮಾತ್ರ ಎರಡನೇ ಗುಟುಕಿಗೇ ಕಣ್ಣಲ್ಲಿ ನೀರು, ಕೆಮ್ಮು, ಆಮೇಲೆ ಬಹಳ ಹೊತ್ತು ಗಂಟಲಲ್ಲಿ ಗೊರಗೊರ ಸದ್ದು. ಈ ಚಳಿಗಾಲದಲ್ಲಿ ಎರಡು ಸಲ ನ್ಯುಮೋನಿಯಾ ಆಯಿತು. ಮೊದಲು ತೋರಿಸಿದ ವೈದ್ಯರು "ಇಂಥ ಮಕ್ಕಳು ಹೀಗೇ" ಎಂದು ಕಳುಹಿಸಿಬಿಟ್ಟರು. ಆ ಮಾತು ಇನ್ನೂ ಚುಚ್ಚುತ್ತಿದೆ.

ಈಗ ನೋಡುತ್ತಿರುವ ಮಕ್ಕಳ ವೈದ್ಯರು ಬಿಡಿಸಿ ಹೇಳಿದರು: ಬಾಯಿ, ನಾಲಿಗೆಯ ಸ್ನಾಯುಗಳು ಸಡಿಲವಾಗಿರುವುದರಿಂದ ತೆಳುವಾದ ದ್ರವ ಹಿಡಿತ ತಪ್ಪಿ ಶ್ವಾಸನಾಳಕ್ಕೆ ಇಳಿಯಬಹುದು, ಕೆಲವು ಮಕ್ಕಳಲ್ಲಿ ಕೆಮ್ಮೇ ಬರದೆಯೂ ಇಳಿಯುತ್ತದೆ. ಅತ್ತೆಯವರು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಿಂದ ಹಾಲು ಹಾಕುತ್ತಿದ್ದರು. ಅದನ್ನು ನಿಲ್ಲಿಸಿ, ನೆಟ್ಟಗೆ ಕೂರಿಸಿ ಚಮಚದಲ್ಲಿ ಕೊಡುತ್ತಿದ್ದೇವೆ. (ಒಳಲೆ ಬಿಡಿಸಲು ಮನೆಯಲ್ಲಿ ಒಂದು ಸಣ್ಣ ಯುದ್ಧವೇ ಆಯಿತು.)

ನುಂಗುವಾಗ ಎಕ್ಸ್‌ರೇಯಲ್ಲಿ ವಿಡಿಯೊ ತೆಗೆಯುವ ಪರೀಕ್ಷೆ ಮಾಡಿಸಬೇಕಂತೆ. ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯಲ್ಲಿ ಅದು ಎಲ್ಲಿ ಆಗುತ್ತದೆ? ಚಿಕ್ಕ ಮಕ್ಕಳ ನುಂಗುವ ತೊಂದರೆ ನೋಡುವ ವಾಕ್ ಚಿಕಿತ್ಸಕರು ಹತ್ತಿರದಲ್ಲಿ ಇದ್ದಾರೆಯೇ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬಂದವರು ಇದ್ದರೆ, ಎಷ್ಟು ದಿನ ಉಳಿಯಬೇಕಾಯಿತು ತಿಳಿಸಿ. ನನ್ನವರಿಗೆ ಹೆಚ್ಚು ರಜೆ ಸಿಗುವುದಿಲ್ಲ.

ಬಜೆ ತೇಯ್ದು ನೆಕ್ಕಿಸಿ ಎಂಬ ಸಲಹೆ ಈಗಾಗಲೇ ಓಣಿಯ ತುಂಬ ಸಿಕ್ಕಿದೆ, ದಯವಿಟ್ಟು ಅದು ಬೇಡ. ಇದೇ ತೊಂದರೆ ಕಂಡ ತಾಯಂದಿರು ಬರೆದರೆ ಉಪಕಾರವಾಗುತ್ತದೆ.