‘ಗೌರವ ಸಂಘ’ ಎಂದರೆ ಓದುಗರಿಗೆ ಏನು ತಿಳಿಯುತ್ತದೆ?

ಗೆಳೆಯರೇ, ನಮಸ್ಕಾರ.

ಇಂಗ್ಲಿಷಿನ ‘ಆನರ್ ಸೊಸೈಟಿ’ಗೆ, ಅಂದರೆ ಓದಿನಲ್ಲಿ ಮೇಲೆ ಬಂದವರನ್ನು ಆರಿಸಿ ಸೇರಿಸಿಕೊಳ್ಳುವ ಸಂಸ್ಥೆಗೆ, ಕನ್ನಡದಲ್ಲಿ ಒಂದು ಪದ ಹುಡುಕಿಕೊಂಡು ಬಂದಿದ್ದೇನೆ. ನನ್ನ ಅಕ್ಕನ ಮಗಳು ಅಮೆರಿಕದಲ್ಲಿ ಕಾನೂನು ಓದಿ ಮುಗಿಸಿದಳು. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಅವಳಿಗೆ ‘ಆರ್ಡರ್ ಆಫ್ ದಿ ಕಾಯ್ಫ್’ ಸದಸ್ಯತ್ವ ಸಿಕ್ಕಿತು. ಅಲ್ಲಿನ ಕನ್ನಡ ಕೂಟದವರು ತಮ್ಮ ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡಿ ಎಂದರು. ‘ಕಾನೂನು ವಿದ್ಯಾರ್ಥಿಗಳ ಗೌರವ ಸಂಘದ ಸದಸ್ಯೆಯಾಗಿ ಆಯ್ಕೆಯಾಗಿದ್ದಾಳೆ’ ಎಂದು ಬರೆದೆ. ಕಳಿಸುವ ಮುಂಚೆ ಊರಿನಲ್ಲಿರುವ ಅಕ್ಕನಿಗೆ ಓದಿ ಹೇಳಿದೆ. ಅವಳ ದನಿ ಸಪ್ಪಗಾಯಿತು. ‘ಗೌರವ ಸದಸ್ಯೆ ಅಂದ್ರೆ ಸುಮ್ನೆ ಕೊಡೋದಲ್ವಾ? ಮೂರು ವರ್ಷ ನಿದ್ದೆಗೆಟ್ಟು ಓದಿದ್ದಾಳಲ್ಲೋ’ ಎಂದಳು.

ಅಕ್ಕ ಹೇಳಿದ್ದು ಸರಿ. ಕನ್ನಡದಲ್ಲಿ ‘ಗೌರವ’ ಇನ್ನೊಂದು ಹೆಸರಿನ ಮುಂದೆ ಬಂತೆಂದರೆ ಅರ್ಥ ಬೇರೆ ಕಡೆ ವಾಲುತ್ತದೆ. ಗೌರವ ಡಾಕ್ಟರೇಟ್ ಎಂದರೆ ಪ್ರಬಂಧ ಬರೆಯದೆ ಬಂದದ್ದು. ಗೌರವ ಕಾರ್ಯದರ್ಶಿಗೆ ಸಂಬಳವಿಲ್ಲ. ಗೌರವ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ಗೌರವಧನ ಎಂದರೆ ಕೆಲಸದ ಪೂರ್ತಿ ಬೆಲೆಯಲ್ಲ, ಪ್ರೀತಿಗೆ ಕೊಟ್ಟಷ್ಟು. ಈ ಸಾಲಿನಲ್ಲಿ ‘ಗೌರವ ಸಂಘ’ವನ್ನೂ ಇಟ್ಟರೆ ಓದುಗರು ಮತ್ತೇನು ತಿಳಿಯಬೇಕು?

ವಿಷಯ ಅದಕ್ಕೆ ಪೂರ್ತಿ ತಿರುಗುಮುರುಗು. ಕಾಯ್ಫ್‌ಗೆ ಸೇರಬೇಕಾದರೆ ತರಗತಿಯ ಮೊದಲ ಹತ್ತು ಶೇಕಡಾದೊಳಗೆ ಇರಬೇಕು. ಅದೂ ಓದಿನ ಮುಕ್ಕಾಲು ಪಾಲಾದರೂ ಗ್ರೇಡ್ ಕೊಡುವ ವಿಷಯಗಳಲ್ಲೇ ಆಗಿರಬೇಕು. ಅರ್ಜಿ ಹಾಕಿ, ಚಂದಾ ಕಟ್ಟಿ ಸೇರುವ ಸಂಘವಲ್ಲ. ಎಲ್ಲ ಕಾನೂನು ಶಾಲೆಗಳಲ್ಲೂ ಇದರ ಶಾಖೆ ಇಲ್ಲ. ಇನ್ನೊಂದು ತೊಡಕಿದೆ. ಹೆಸರಾದ ವಕೀಲರು, ನ್ಯಾಯಾಧೀಶರನ್ನು ಇದೇ ಸಂಸ್ಥೆ ನಿಜವಾದ ‘ಗೌರವ ಸದಸ್ಯ’ರನ್ನಾಗಿಯೂ ಮಾಡಿಕೊಳ್ಳುತ್ತದೆ. ಹಾಗಿದ್ದಾಗ ಓದಿ ಗಳಿಸಿದವರಿಗೂ ಅದೇ ಮಾತು ಬಳಸಿದರೆ ಎರಡರ ನಡುವಿನ ಗೆರೆಯೇ ಅಳಿಸಿಹೋಗುತ್ತದೆ.

‘ಸಂಘ’ವೂ ನನಗೆ ಹಿಡಿಸುತ್ತಿಲ್ಲ. ಹಾಲು ಉತ್ಪಾದಕರ ಸಂಘ, ಯುವಕ ಸಂಘ, ಸ್ವಸಹಾಯ ಸಂಘ — ಇವೆಲ್ಲ ಕೂಡಿ ಕೆಲಸ ಮಾಡುವ ಗುಂಪುಗಳು. ಇಲ್ಲಿ ಇರುವುದು ಓದಿನಲ್ಲಿ ಮೇಲೆ ಬಂದವರ ಒಂದು ಸಾಲು, ಅದರಲ್ಲಿ ಒಂದು ಜಾಗ, ಅಷ್ಟೆ. ‘ಆರ್ಡರ್’ ಅನ್ನು ‘ಆದೇಶ’ ಎಂದು ಮಾಡಿದರಂತೂ, ಕಾನೂನಿನ ಮಾತು ನಡೆಯುತ್ತಿರುವಾಗ, ಕೋರ್ಟು ಹೊರಡಿಸಿದ ಆದೇಶ ಎಂದೇ ಎಲ್ಲರೂ ಓದುತ್ತಾರೆ.

ಈಗ ಕಾಯ್ಫ್ ಎಂಬ ಮಾತಿಗೆ ಬರುತ್ತೇನೆ. ಇದು ನನಗೆ ತುಂಬಾ ಖುಷಿ ಕೊಟ್ಟಿತು. ಕಾಯ್ಫ್ ಎಂದರೆ ತಲೆಗೆ ಅಂಟಿದಂತೆ ಕೂರುವ, ಗದ್ದದ ಕೆಳಗೆ ದಾರ ಕಟ್ಟುವ ಬಟ್ಟೆಯ ಟೋಪಿ. ಇಂಗ್ಲೆಂಡಿನಲ್ಲಿ ‘ಸಾರ್ಜೆಂಟ್ ಅಟ್ ಲಾ’ ಎಂಬ ದೊಡ್ಡ ದರ್ಜೆಯ ವಕೀಲರಿದ್ದರು. ಅವರ ಗುರುತೇ ಬಿಳಿಯ ಕಾಯ್ಫ್. ಮುಂದೆ ವಕೀಲರು ಕೂದಲಿನ ಟೋಪನ್ ಹಾಕಿಕೊಳ್ಳಲು ಶುರು ಮಾಡಿದಾಗ ಕಾಯ್ಫ್‌ಗೆ ತಲೆಯ ಮೇಲೆ ಜಾಗ ಇಲ್ಲದಾಯಿತು. ಆದರೂ ಅವರು ಅದನ್ನು ಬಿಡಲಿಲ್ಲ. ಟೋಪನ್ನಿನ ನೆತ್ತಿಯ ಮೇಲೆ ಪುಟ್ಟ ದುಂಡನೆಯ ಬಿಳಿ ಬಟ್ಟೆಯ ತುಂಡಾಗಿ ಅದು ಉಳಿಯಿತು. ಇಂಗ್ಲೆಂಡಿನ ನ್ಯಾಯಾಲಯಗಳನ್ನು ಹೊಸದಾಗಿ ಜೋಡಿಸಿದ 1873ರ ಕಾನೂನು ಬಂದ ಮೇಲೆ ಆ ದರ್ಜೆಗೇ ಕೆಲಸವಿಲ್ಲದಾಯಿತು. ಕೊನೆಯ ಸಾರ್ಜೆಂಟ್ ಆಗಿದ್ದ ನೆಥಾನಿಯಲ್ ಲಿಂಡ್ಲಿ 1921ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಹೆಸರು ಸಮುದ್ರ ದಾಟಿತ್ತು. 1902ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ತೀಟಾ ಕಪ್ಪಾ ನ್ಯೂ’ ಎಂದು ಶುರುವಾದ ವಿದ್ಯಾರ್ಥಿಗಳ ಸಂಸ್ಥೆ 1912ರಲ್ಲಿ ಈ ಟೋಪಿಯ ಹೆಸರು ಇಟ್ಟುಕೊಂಡಿತು.

ಗದ್ದದ ಕೆಳಗೆ ದಾರ ಕಟ್ಟುವ ಟೋಪಿಗೆ ನಮ್ಮಲ್ಲಿ ಅಚ್ಚುಕಟ್ಟಾದ ಮಾತಿದೆ: ಕುಲಾವಿ. ಪಾರ್ಸಿಯ ‘ಕುಲಾಹ್’ನಿಂದ ಬಂದದ್ದು. ಆದರೆ ಈಗ ಅದು ಪೂರ್ತಿ ಮಗುವಿನ ಮಾತಾಗಿಬಿಟ್ಟಿದೆ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ವಸ್ತುವಿಗೆ ಇಷ್ಟು ಸರಿಯಾಗಿ ಹೊಂದುವ ಪದ ಇದ್ದರೂ ‘ಕುಲಾವಿ ಬಳಗ’ ಎಂದು ಬರೆಯಲು ಕೈ ಬರುವುದಿಲ್ಲ. ಹಾಗಾಗಿ ಕಾಯ್ಫ್ ಅನ್ನು ಹೆಸರಾಗಿ ಹಾಗೇ ಇಟ್ಟು, ‘ಕುಲಾವಿಯಂಥ ಬಿಳಿ ಟೋಪಿ’ ಎಂದು ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು ಎಂದುಕೊಂಡಿದ್ದೇನೆ.

ತಲೆಗೆ ಕಟ್ಟಿದ ಬಟ್ಟೆ ಪದವಿಯ ಹೆಸರಾಗುವುದು ನಮಗೇನೂ ಹೊಸದಲ್ಲ. ‘ಪಟ್ಟ’ ಎಂದರೆ ಮೊದಲು ಹಣೆಗೆ ಕಟ್ಟುವ ಪಟ್ಟಿ. ಬಟ್ಟೆಯದೋ ಚಿನ್ನದ್ದೋ ಇರುತ್ತಿತ್ತು. ಅದಕ್ಕೇ ಇವತ್ತಿಗೂ ಪಟ್ಟ ‘ಕಟ್ಟುತ್ತೇವೆ’. ಹಳೆಯ ಕಾವ್ಯಗಳಲ್ಲಿ ಸೇನಾಪತಿಗೆ ವೀರಪಟ್ಟ ಕಟ್ಟುವುದನ್ನು ಓದಿದ್ದೇವೆ. ಸನ್ಮಾನ ಮಾಡುವಾಗ ಮೈಸೂರು ಪೇಟ ತೊಡಿಸುವುದೂ ಇದೇ ದಾರಿಯದು. ‘ಅವಳಿಗೆ ಕಾಯ್ಫ್ ಪಟ್ಟ ಸಿಕ್ಕಿತು’ ಎಂದರೆ ಹೇಗೆ? ನನಗೆ ಕಿವಿಗೆ ಇಂಪಾಗಿದೆ. ಆದರೆ ಈಗ ಪಟ್ಟ ಎಂದರೆ ಒಬ್ಬರೇ ಏರುವ ಗದ್ದುಗೆ ಎಂಬ ಭಾವನೆ ಜಾಸ್ತಿ. ಹತ್ತು ಶೇಕಡಾ ಮಂದಿಗೆ ಸಿಗುವುದಕ್ಕೆ ಅದು ಒಗ್ಗುತ್ತದೋ ಇಲ್ಲವೋ, ನೀವೇ ಹೇಳಿ.

ಉಳಿದ ಬಹುಮಾನಗಳಲ್ಲೂ ಇಂಥ ತೊಡಕುಗಳಿವೆ. ಅಲ್ಲಿ ಒಂದೊಂದು ವಿಷಯದಲ್ಲೂ ತರಗತಿಗೆ ಮೊದಲು ಬಂದವರಿಗೆ ಕೊಡುವುದನ್ನು ‘ಬುಕ್ ಅವಾರ್ಡ್’ ಎನ್ನುತ್ತಾರೆ. ಹಿಂದೆ ಕಾನೂನಿನ ಪುಸ್ತಕವನ್ನೇ ಕೈಗೆ ಕೊಡುತ್ತಿದ್ದರು. ಈಗ ಎಷ್ಟೋ ಕಡೆ ‘ಕ್ಯಾಲಿ’ ಎಂಬ ಸಂಸ್ಥೆಯ ಪ್ರಶಸ್ತಿ ಪತ್ರ ಬರುತ್ತದೆ. ಇದನ್ನು ‘ಪುಸ್ತಕ ಪ್ರಶಸ್ತಿ’ ಎಂದು ಬರೆದರೆ ಕೆಟ್ಟಿತು. ನಮ್ಮಲ್ಲಿ ಸಾಹಿತ್ಯ ಅಕಾಡೆಮಿ ಪುಸ್ತಕ ಬಹುಮಾನ ಕೊಡುವುದು ಬರೆದವರಿಗೆ. ಹುಡುಗಿ ಕರಾರು ಕಾನೂನಿನ ಮೇಲೆ ಪುಸ್ತಕ ಬರೆದಳು ಎಂದೇ ಜನ ತಿಳಿಯುತ್ತಾರೆ. ‘ಕರಾರು ಕಾನೂನಿನಲ್ಲಿ ತರಗತಿಗೇ ಮೊದಲು ಬಂದು ಬಹುಮಾನ ಪಡೆದಳು’ ಎಂದರೆ ಸಾಕು. ನಮ್ಮ ಘಟಿಕೋತ್ಸವಗಳಲ್ಲಿ ವಿಷಯಕ್ಕೊಂದು ದತ್ತಿ ಪದಕ ಇರುತ್ತದಲ್ಲ, ಓದುಗರಿಗೆ ತಟ್ಟನೆ ಅದು ನೆನಪಾಗುತ್ತದೆ.

‘ಆರ್ಡರ್ ಆಫ್ ಬ್ಯಾರಿಸ್ಟರ್ಸ್’ ಇನ್ನೂ ಕಷ್ಟ. ಅದು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಮೂಟ್ ಕೋರ್ಟಿನಲ್ಲಿ, ಅಂದರೆ ಕಾನೂನು ವಿದ್ಯಾರ್ಥಿಗಳು ಕಲ್ಪಿತ ಮೊಕದ್ದಮೆ ಇಟ್ಟುಕೊಂಡು ವಾದ ಮಾಡುವ ಕೋರ್ಟಿನಲ್ಲಿ, ಚೆನ್ನಾಗಿ ವಾದ ಮಾಡಿದವರಿಗೆ ಕೊಡುವ ಮನ್ನಣೆ. ನಮ್ಮ ಹಿರಿಯರಿಗೆ ಬ್ಯಾರಿಸ್ಟರ್ ಎಂದರೆ ಲಂಡನ್ನಿಗೆ ಹೋಗಿ ಪಾಸು ಮಾಡಿ ಬಂದವನು. ಅಮೆರಿಕದಲ್ಲಿ ಬ್ಯಾರಿಸ್ಟರ್ ಎಂಬ ಬೇರೆ ಜಾತಿಯ ವಕೀಲರೇ ಇಲ್ಲ. ಹೆಸರಿನ ಜೊತೆ ‘ವಾದದ ಜಾಣ್ಮೆಗೆ ಕೊಡುವ ಮನ್ನಣೆ’ ಎಂದು ಸೇರಿಸದೆ ದಾರಿಯಿಲ್ಲ.

ಮೂಟ್ ಕೋರ್ಟಿಗೆ ಪತ್ರಿಕೆಗಳು ‘ಅಣಕು ನ್ಯಾಯಾಲಯ’ ಎನ್ನುತ್ತವೆ. ಅಣಕು ಎಂದರೆ ಅನುಕರಣೆ, ಸರಿ. ಆದರೆ ಅಣಕವಾಡು, ಅಣಕಿಸು ಎಂಬ ಮಾತುಗಳ ನೆರಳು ಅದರ ಮೇಲೆ ಬೀಳುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಮಕ್ಕಳು 1999ರಲ್ಲಿ, ಮತ್ತೆ 2013ರಲ್ಲಿ ಜೆಸಪ್ ಎಂಬ ಅಂತರರಾಷ್ಟ್ರೀಯ ಮೂಟ್ ಕೋರ್ಟ್ ಸ್ಪರ್ಧೆ ಗೆದ್ದು ಬಂದರು. ಜಗತ್ತಿನ ಕಾನೂನು ಶಾಲೆಗಳನ್ನೆಲ್ಲ ದಾಟಿ ಗಳಿಸಿದ ಗೆಲುವು ಅದು. ಅದಕ್ಕೆ ‘ಅಣಕು’ ಎಂಬ ಮಾತು ಅಂಟಿಕೊಂಡಿದ್ದು ನನಗೆ ಮನಸ್ಸಿಗೆ ಹಿಡಿಸದು. ಇಂಗ್ಲಿಷಿನ ಮೂಟ್‌ನ ಬೇರು ಹಳೆಯ ಕಾಲದ ‘ಜನ ಕೂಡುವ ಸಭೆ’. ಅಣಕಕ್ಕೂ ಅದಕ್ಕೂ ನಂಟಿಲ್ಲ. ‘ವಾದಕೂಟ’ ಎಂದರೆ ಅದೇ ಭಾವ ಬರುತ್ತದೆ, ಅಲ್ವಾ? ಬಳಕೆಯಲ್ಲಿ ಊರಿಕೊಂಡ ಪದವನ್ನು ಕಿತ್ತುಹಾಕುವುದು ಸುಲಭವಲ್ಲ ಎಂಬುದೂ ಗೊತ್ತು.

ಮತ್ತೆ ಮೊದಲ ಪ್ರಶ್ನೆಗೆ. ‘ಗೌರವ’ದ ಬದಲು ‘ಮನ್ನಣೆ’ ಇಡಬಹುದು ಎಂಬುದು ನನ್ನ ಅನಿಸಿಕೆ. ಮನ್ನಣೆ ಗಳಿಸುವಂಥದ್ದು. ‘ಮನ್ನಣೆ ಗಳಿಸಿದಳು’ ಎಂಬುದು ನಮ್ಮ ಬಾಯಲ್ಲಿ ಸಹಜವಾಗಿ ಬರುತ್ತದೆ. ಪುಕ್ಕಟೆ ಎಂಬ ನೆರಳು ಅದಕ್ಕಿಲ್ಲ. ‘ಸಂಘ’ದ ಬದಲು ‘ಬಳಗ’ ಅಥವಾ ‘ಸಾಲು’. ‘ಮೇಲ್ಪಂಕ್ತಿ’ ಎಂಬ ಒಳ್ಳೆಯ ಪದ ಹೊಳೆದಿತ್ತು. ಆದರೆ ಮೇಲ್ಪಂಕ್ತಿ ಎಂದರೆ ಬೇರೆಯವರು ಅನುಸರಿಸುವ ಮಾದರಿ ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಅದನ್ನು ಕದಲಿಸಬಾರದು.

ಸದ್ಯಕ್ಕೆ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ತರಗತಿಯ ಮೊದಲ ಹತ್ತು ಶೇಕಡಾದೊಳಗೆ ಬಂದು, ಕಾನೂನು ಪದವೀಧರರ ಮನ್ನಣೆಯ ಬಳಗವಾದ ಆರ್ಡರ್ ಆಫ್ ದಿ ಕಾಯ್ಫ್‌ಗೆ ಆಯ್ಕೆಯಾಗಿದ್ದಾಳೆ.’ ಅಕ್ಕನಿಗೆ ಓದಿ ಹೇಳಿದೆ. ‘ಈಗ ಓದಿದ್ದು ಕಾಣ್ತಿದೆ’ ಎಂದಳು. ಆದರೂ ‘ಮನ್ನಣೆಯ ಬಳಗ’ ಎಂದರೆ ಮನ್ನಣೆ ಕೊಡುವ ಬಳಗವೋ, ಮನ್ನಣೆ ಪಡೆದವರ ಬಳಗವೋ ಎಂಬ ಗೊಂದಲ ಉಳಿದಿದೆ. ಇದಕ್ಕಿಂತ ಚೊಕ್ಕವಾದದ್ದು ನಿಮಗೆ ಹೊಳೆದರೆ ತಿಳಿಸಿ. ಜೊತೆಗೆ, ಉತ್ತರ ಕರ್ನಾಟಕದ ಕಡೆಯವರು ದಯವಿಟ್ಟು ಹೇಳಿ: ದೊಡ್ಡವರು ಹಾಕಿಕೊಳ್ಳುವ ಇಂಥ ಟೋಪಿಗೂ ನಿಮ್ಮಲ್ಲಿ ಕುಲಾವಿ ಅಥವಾ ಕುಂಚಿಗೆ ಎನ್ನುವುದುಂಟಾ?